ಹತ್ತರಲ್ಲೇ ಕವಲೊಡೆಯುವ ದಾರಿ

(ನಮ್ಮ ಸಂಘದ ಸಂಸ್ಥಾಪನಾ ದಿನಾಚರಣೆಯ ಅಂಗವಾಗಿ ಬುರೈಮಿಯಲ್ಲಿ ನಡೆದ ಪಾಲಕರ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕೋಲಾಟಕ್ಕೂ ಯಕ್ಷಗಾನಕ್ಕೂ ನಡುವೆ ಸಮಿತಿಯವರು ನಮಗೆ ಅರ್ಧ ಗಂಟೆ ದಯಪಾಲಿಸಿದ್ದಾರೆ. ಕೊಟ್ಟ ವಿಷಯ, ವಿಜ್ಞಾನ ಓದುವ ಮಕ್ಕಳು ಹನ್ನೆರಡನೆಯ ತರಗತಿಯ ನಂತರ ಯಾವ ಪದವಿ ಆರಿಸಿಕೊಂಡರೆ ಕೆಲಸ ಸಿಗುತ್ತದೆ ಎಂಬುದು. ಸಂಘದಲ್ಲಿ ನಾವು ನಾಲ್ಕೈದು ಮಂದಿ ಇದ್ದೇವೆ. ಒಬ್ಬರು ಶಾಲೆಯಲ್ಲಿ ಪಾಠ ಹೇಳುವವರು, ಒಬ್ಬರು ಆಸ್ಪತ್ರೆಯ ಪ್ರಯೋಗಾಲಯದವರು, ಇನ್ನಿಬ್ಬರು ಸೊಹಾರ್ ಬಂದರಿನ ಕಡೆ ದುಡಿಯುವ ಇಂಜಿನಿಯರರು. ಪ್ರತಿ ವರ್ಷ ಫಲಿತಾಂಶದ ದಿನಗಳಲ್ಲಿ ನಮ್ಮ ಮನೆಯ ಫೋನುಗಳಿಗೆ ವಿಶ್ರಾಂತಿ ಇರುವುದಿಲ್ಲ. ಅದರಿಂದ ಕಲಿತದ್ದನ್ನು ಎಲ್ಲರ ಪರವಾಗಿ ಇಲ್ಲಿ ಹೇಳುತ್ತಿದ್ದೇವೆ.

ಫೋನಿನಲ್ಲಿ ಬರುವ ಪ್ರಶ್ನೆ ಬಹುಮಟ್ಟಿಗೆ ಒಂದೇ. ಕುಂದಾಪುರದ ಕಡೆಯವರಾದರೆ "ಅಣ್ಣಾ, ಯಾವ ಕೋರ್ಸು ಮಾಡಿದರೆ ಕೆಲಸ ಗ್ಯಾರಂಟಿ?" ಎನ್ನುತ್ತಾರೆ. ಮೈಸೂರು ಕಡೆಯವರು "ಸಾರ್, ಮಗನ್ನ ಕಂಪ್ಯೂಟರಿಗೆ ಹಾಕ್ಲೋ, ಮೆಡಿಕಲ್ಲಿಗೆ ಹಾಕ್ಲೋ?" ಎಂದು ಕೇಳುತ್ತಾರೆ. 'ಹಾಕುವುದು' ಎಂಬ ಮಾತನ್ನು ತಾವು ಗಮನಿಸಬೇಕು. ಬ್ಯಾಂಕಿನಲ್ಲಿ ಹಣ ಹಾಕಿದಂತೆ ಮಗನನ್ನು ಕೋರ್ಸಿಗೆ ಹಾಕುವುದು! ನಗುವುದು ಸುಲಭ. ಆದರೆ ಈ ಪ್ರಶ್ನೆಯ ಹಿಂದಿರುವ ಭಯ ಸುಳ್ಳಲ್ಲ. ನಾವೆಲ್ಲರೂ ಇಲ್ಲಿ ವೀಸಾದ ಮೇಲೆ ಬದುಕುವವರು. ಇಲ್ಲಿಯೇ ಹುಟ್ಟಿ, ಇಲ್ಲಿಯ ಖರ್ಜೂರದ ನೆರಳಿನಲ್ಲಿ ಆಡಿ ಬೆಳೆದ ಮಗುವೂ ಹದಿನೆಂಟು ತುಂಬುವ ಹೊತ್ತಿಗೆ ಪೆಟ್ಟಿಗೆ ಕಟ್ಟಬೇಕು. ಊರಿನಲ್ಲಿ ಹೊಲ ಮನೆ ಇದ್ದವರ ಮಗ ಒಂದು ವರ್ಷ ಕೆಲಸವಿಲ್ಲದೆ ಕುಳಿತರೆ ಹೇಗೋ ನಡೆದೀತು. ನಮ್ಮ ಮಕ್ಕಳಿಗೆ ಆ ಆಸರೆ ಕಡಿಮೆ. ಆದ್ದರಿಂದ 'ಕೆಲಸ ಸಿಗುತ್ತದೆಯೇ' ಎಂದು ಕೇಳುವವರನ್ನು ಹಣದಾಸೆಯವರೆಂದು ನಾವು ತಿಳಿಯುವುದಿಲ್ಲ. ಕೇಳಲೇಬೇಕಾದ ಪ್ರಶ್ನೆ ಅದು. ಅದನ್ನು ಕೇಳುವ ರೀತಿಯನ್ನು ಮತ್ತು ಕೇಳುವ ಕಾಲವನ್ನು ಸ್ವಲ್ಪ ಬದಲಾಯಿಸಿಕೊಳ್ಳಬೇಕೆಂಬುದಷ್ಟೇ ನಮ್ಮ ಅರಿಕೆ.

ಮೊದಲಿಗೆ ಒಂದು ಲೆಕ್ಕ ನೋಡೋಣ. 2011ರಿಂದ 2014ರ ಮಧ್ಯದವರೆಗೆ ಕಚ್ಚಾ ತೈಲದ ಬೆಲೆ ಪೀಪಾಯಿಗೆ ನೂರು ಡಾಲರಿನ ಆಸುಪಾಸಿನಲ್ಲಿತ್ತು. ಕೊಲ್ಲಿಯಲ್ಲಿದ್ದ ತಂದೆತಾಯಿಗಳಿಗೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಇನ್ನೇನು ಬೇಕು? ಕಣ್ಣೆದುರಿಗೇ ತೈಲ ಕಂಪನಿಗಳ ಸಂಬಳ ಕಾಣುತ್ತಿತ್ತು. ಪೆಟ್ರೋಲಿಯಂ ಇಂಜಿನಿಯರಿಂಗಿಗೆ ಎಲ್ಲಿಲ್ಲದ ಬೇಡಿಕೆ ಬಂತು. 2012ರಲ್ಲಿ ಸೇರಿದ ಹುಡುಗ ನಾಲ್ಕು ವರ್ಷ ಶ್ರದ್ಧೆಯಿಂದ ಓದಿ 2016ರಲ್ಲಿ ಹೊರಬಂದ. ಆ ವರ್ಷದ ಜನವರಿಯಲ್ಲಿ ತೈಲ ಮೂವತ್ತು ಡಾಲರಿಗಿಂತಲೂ ಕೆಳಗಿಳಿದಿತ್ತು. ಕಂಪನಿಗಳು ಇದ್ದವರನ್ನೇ ಮನೆಗೆ ಕಳುಹಿಸುತ್ತಿದ್ದವು. ಹುಡುಗನ ತಪ್ಪೇನಿತ್ತು? ಅವನು ಓದಿದ್ದು 2012ರ ಪೇಟೆಯನ್ನು ನೋಡಿ, ಕೆಲಸ ಹುಡುಕಿದ್ದು 2016ರ ಪೇಟೆಯಲ್ಲಿ.

ಕರ್ನಾಟಕದಲ್ಲಿಯೂ ಇಂಥದೇ ಒಂದು ಕಥೆ ಇದೆ. 2001ರಲ್ಲಿ ರಾಜ್ಯ ಸರ್ಕಾರ ಜೈವಿಕ ತಂತ್ರಜ್ಞಾನ ನೀತಿಯನ್ನು ಪ್ರಕಟಿಸಿತು. ಬಯೋಟೆಕ್ನಾಲಜಿ ಎಂಬ ಶಬ್ದ ಮಂತ್ರದಂತೆ ಕೇಳತೊಡಗಿತು. ಕಾಲೇಜುಗಳು ಆ ಹೆಸರಿನ ವಿಭಾಗಗಳನ್ನು ತೆರೆದವು. ಹೆಸರು ಬಂದಷ್ಟು ವೇಗವಾಗಿ ಕಾರ್ಖಾನೆಗಳೂ ಪ್ರಯೋಗಾಲಯಗಳೂ ಬರಲಿಲ್ಲ. ಓದಿ ಹೊರಬಂದ ಎಷ್ಟೋ ಮಕ್ಕಳು ಕೊನೆಗೆ ಸಾಫ್ಟ್‌ವೇರ್ ಕಂಪನಿಗಳ ಬಾಗಿಲಲ್ಲಿ ನಿಂತರು. ಸಾಫ್ಟ್‌ವೇರಾದರೂ ಏನು ಕಲ್ಲಿನ ಮೇಲೆ ಕೆತ್ತಿದ ಶಾಸನವೇ? 2001ರಲ್ಲಿ ಒಮ್ಮೆ ಕುಸಿಯಿತು, 2008ರಲ್ಲಿ ಮತ್ತೆ ನಡುಗಿತು, 2022 ಮತ್ತು 2023ರಲ್ಲಿ ಜಗತ್ಪ್ರಸಿದ್ಧ ಕಂಪನಿಗಳೇ ಸಾವಿರ ಸಾವಿರ ಜನರನ್ನು ತೆಗೆದುಹಾಕಿದವು. ಈಗಂತೂ ಹೊಸದಾಗಿ ಸೇರಿದ ಹುಡುಗರಿಗೆ ಕೊಡುತ್ತಿದ್ದ ಸಣ್ಣಪುಟ್ಟ ಪ್ರೋಗ್ರಾಮುಗಳನ್ನು ಯಂತ್ರವೇ ಬರೆಯುವ ಕಾಲ ಬಂದಿದೆ. ಕಂಪ್ಯೂಟರ್ ಓದಬೇಡಿ ಎಂದು ನಾವು ಹೇಳುತ್ತಿಲ್ಲ. ಗಣಿತದಲ್ಲಿ ನಿಜವಾದ ಆಸಕ್ತಿ ಇರುವವರಿಗೆ ಅದು ಇಂದಿಗೂ ಒಳ್ಳೆಯ ದಾರಿಯೇ. ಪಕ್ಕದ ಮನೆಯವನು ಅಮೆರಿಕಕ್ಕೆ ಹೋದ ಎಂಬುದೊಂದೇ ಕಾರಣವಾಗಬಾರದು.

ಇದೇ ಸಂದರ್ಭದಲ್ಲಿ ಬಯೋಕಾನ್ ಸಂಸ್ಥೆಯ ಕಿರಣ್ ಮಜುಂದಾರ್ ಶಾ ಅವರ ಮಾತು ಬರುತ್ತದೆ. ವೈದ್ಯಕೀಯ ಓದಬೇಕೆಂದು ಅವರಿಗೆ ಆಸೆಯಿತ್ತು. ಅದು ಕೈಗೂಡಲಿಲ್ಲ. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಬಿ.ಎಸ್‌ಸಿ. ಮಾಡಿದರು, ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯ ವಿದ್ಯೆ ಕಲಿತರು. ಊರಿಗೆ ಮರಳಿದಾಗ ಹೆಂಗಸಿಗೆ ಆ ಕೆಲಸ ಕೊಡುವವರಿರಲಿಲ್ಲ. 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಆರಂಭಿಸಿದಾಗ ಕೈಯಲ್ಲಿದ್ದ ಬಂಡವಾಳ ಹತ್ತು ಸಾವಿರ ರೂಪಾಯಿ; ಮೊದಲ ಸರಕುಗಳಲ್ಲೊಂದು ಪಪ್ಪಾಯಿಯಿಂದ ತೆಗೆದ ಕಿಣ್ವ. ಆಗ ಅವರು ಓದಿದ ಪ್ರಾಣಿಶಾಸ್ತ್ರವನ್ನು 'ಸ್ಕೋಪ್ ಇಲ್ಲದ ಸಬ್ಜೆಕ್ಟು' ಎಂದೇ ಎಲ್ಲರೂ ಕರೆಯುತ್ತಿದ್ದರು. ನಮ್ಮ ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರು ಓದಿದ್ದು ಬರಿಯ ಭೌತಶಾಸ್ತ್ರ. ಅವರು ಕಾಲೇಜಿಗೆ ಹೋದಾಗ ನಮ್ಮ ದೇಶದಲ್ಲಿ ಉಪಗ್ರಹ ಕಟ್ಟುವ ಪದವಿ ಎಂಬುದೇ ಇರಲಿಲ್ಲ. 1975ರಲ್ಲಿ ಆರ್ಯಭಟ ಮೇಲೇರಿತು. ಎಲ್ಲ ಮಕ್ಕಳೂ ರಾವ್ ಅವರಾಗುವುದಿಲ್ಲ, ಒಪ್ಪಿದೆವು. ಆದರೆ ಮೂಲ ವಿಷಯವನ್ನು ಗಟ್ಟಿಯಾಗಿ ಕಲಿತವರು ಪೇಟೆ ಬದಲಾದಾಗ ಹೊರಳಿಕೊಳ್ಳಬಲ್ಲರು. ಹದಿನೇಳನೆಯ ವಯಸ್ಸಿಗೇ ತೀರ ಕಿರಿದಾದ ಹೆಸರಿನ ಪದವಿಗೆ ಸೇರಿದವರಿಗೆ ಹೊರಳುವುದು ಕಷ್ಟ. ಬಿ.ಇ.ಯಲ್ಲಿ ಕೂಡ ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕೆಮಿಕಲ್ ಮುಂತಾದ ಅಗಲವಾದ ವಿಭಾಗಗಳ ಕಡೆಗೆ ನಮ್ಮ ಒಲವು ಇರುವುದು ಇದಕ್ಕೇ. ವಿಶೇಷ ವಿದ್ಯೆಯನ್ನು ಎಂ.ಟೆಕ್. ಹೊತ್ತಿಗೆ ಆರಿಸಿಕೊಳ್ಳಬಹುದು, ಆಗ ಮಗುವಿಗೆ ಇಪ್ಪತ್ತೆರಡು ವಯಸ್ಸು, ಪೇಟೆಯೂ ಹತ್ತಿರದಲ್ಲಿ ಕಾಣಿಸುತ್ತದೆ.

ಇನ್ನು ಆಯ್ಕೆ ಮಾಡುವುದು ಹೇಗೆ? ನಾವು ಮಕ್ಕಳಿಗೆ ಒಂದು ಪ್ರಶ್ನೆ ಕೇಳುತ್ತೇವೆ. ನೀನು ಹೇಳುವ ಆ ಕೆಲಸದಲ್ಲಿ ಬೆಳಿಗ್ಗೆ ಎಂಟರಿಂದ ಸಂಜೆ ಐದರ ತನಕ ನಿನ್ನ ಕೈ ಏನು ಮಾಡುತ್ತಿರುತ್ತದೆ? ಬಹಳ ಮಕ್ಕಳಿಗೆ ಉತ್ತರ ತಿಳಿದಿರುವುದಿಲ್ಲ. ಡಾಕ್ಟರೆಂದರೆ ಸ್ಟೆತಸ್ಕೋಪು, ವಿಜ್ಞಾನಿಯೆಂದರೆ ಬಿಳಿ ಕೋಟು, ಅಷ್ಟೇ. ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಈ ಸಭಾಂಗಣದಲ್ಲಿಯೇ ರಕ್ತಪರೀಕ್ಷೆ ಮಾಡುವವರಿದ್ದಾರೆ, ಎಕ್ಸ್‌ರೇ ತೆಗೆಯುವವರಿದ್ದಾರೆ, ಔಷಧಿ ಅಂಗಡಿ ನಡೆಸುವವರಿದ್ದಾರೆ, ಬೆಸುಗೆ ಸರಿಯಾಗಿದೆಯೇ ಎಂದು ಪರೀಕ್ಷಿಸುವ ಇಂಜಿನಿಯರರಿದ್ದಾರೆ. ರಜೆಯಲ್ಲಿ ಒಂದು ದಿನ ಅವರ ಹತ್ತಿರ ಕುಳಿತು ಮಾತಾಡಿದ ಹುಡುಗ, ಹತ್ತು ಕೌನ್ಸೆಲಿಂಗ್ ಮೇಳಗಳಿಗೆ ಹೋದ ಹುಡುಗನಿಗಿಂತ ಹೆಚ್ಚು ತಿಳಿದುಕೊಳ್ಳುತ್ತಾನೆ.

ಒಂದು ಮನೆಯ ಮಾತು ಹೇಳುತ್ತೇವೆ, ಹೆಸರು ಬೇಡ. ಹನ್ನೊಂದನೆಯ ತರಗತಿಯ ಹುಡುಗಿ, ಭೂವಿಜ್ಞಾನ ಓದುತ್ತೇನೆ ಎಂದಳು. ತಂದೆ ತಲೆಯ ಮೇಲೆ ಕೈ ಹೊತ್ತು, "ಕಲ್ಲು ಕುಟ್ಟುವುದಕ್ಕೆ ಇಷ್ಟು ಓದಬೇಕಾ ಮಗಾ?" ಎಂದರು. ಹುಡುಗಿ, "ಅಪ್ಪಾ, ನೀವು ದಿನಾ ಆಫೀಸಿಗೆ ಹೋಗುವ ದಾರಿಯಲ್ಲಿರೋ ಬೆಟ್ಟ ಒಂದು ಕಾಲಕ್ಕೆ ಸಮುದ್ರದ ತಳ ಆಗಿತ್ತು ಗೊತ್ತಾ?" ಎಂದು ಕೇಳಿದಳು. ಆ ತಂದೆಗೆ ಮಾತ್ರವಲ್ಲ, ನಮ್ಮಲ್ಲಿ ಅನೇಕರಿಗೂ ಅದು ಗೊತ್ತಿರಲಿಲ್ಲ! ಸೊಹಾರ್ ರಸ್ತೆಯ ಎರಡೂ ಕಡೆ ಕಪ್ಪಗೆ ಕಾಣುವ ಹಜರ್ ಪರ್ವತದ ಕಲ್ಲು, ಕೋಟ್ಯಂತರ ವರ್ಷಗಳ ಹಿಂದೆ ಸಾಗರದ ತಳದಿಂದ ನೆಲದ ಮೇಲೆ ಏರಿ ಕುಳಿತದ್ದು. ಜಗತ್ತಿನ ಭೂವಿಜ್ಞಾನಿಗಳು ಅದನ್ನು ನೋಡಲೆಂದೇ ಒಮಾನಿಗೆ ಬರುತ್ತಾರೆ. ಈ ಕಲ್ಲಿನಲ್ಲಿ ಇಂಗಾಲದ ಡೈಆಕ್ಸೈಡನ್ನು ಖನಿಜವಾಗಿ ಕಟ್ಟಿಹಾಕುವ ಕೆಲಸಕ್ಕೆ ಒಮಾನಿನ ಒಂದು ಕಂಪನಿಗೆ 2022ರಲ್ಲಿ ಅರ್ಥ್‌ಶಾಟ್ ಪ್ರಶಸ್ತಿ ಬಂತು. ನಮ್ಮ ದೇಶದಲ್ಲಿ 1851ರಿಂದ ಇರುವ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ಯು.ಪಿ.ಎಸ್.ಸಿ. ಪರೀಕ್ಷೆಯ ಮೂಲಕ ಭೂವಿಜ್ಞಾನಿಗಳನ್ನು ಆರಿಸುತ್ತಾರೆ. ಅಂತರ್ಜಲದ ಇಲಾಖೆಗಳಿವೆ, ಹಟ್ಟಿಯ ಚಿನ್ನದ ಗಣಿಯಿದೆ, ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನದ ವಿಭಾಗವೇ ಇದೆ. ಕೆಲಸಗಳ ಸಂಖ್ಯೆ ಕಂಪ್ಯೂಟರಿನಷ್ಟಿಲ್ಲ, ನಿಜ. ಓದುವವರ ಸಂಖ್ಯೆಯೂ ಅಷ್ಟಿಲ್ಲ. ಆ ತಂದೆ ಕೊನೆಗೆ ಒಪ್ಪಿದರು, ಎಂ.ಎಸ್‌ಸಿ.ಯ ತನಕ ಓದಿಸಬೇಕಾಗುತ್ತದೆ ಎಂಬ ಲೆಕ್ಕವನ್ನೂ ಹಾಕಿಕೊಂಡೇ ಒಪ್ಪಿದರು.

ಹಾಗೆಯೇ ನಾವು ಮರೆತಿರುವ ಒಳ್ಳೆಯ ದಾರಿಗಳು ಊರಿನಲ್ಲಿ ಹಲವು ಇವೆ. ಹಿತ್ತಲ ಗಿಡ ಮದ್ದಲ್ಲ ಎಂಬ ಹಾಗೆ ಅವು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಮಾತು ಬಾರದ, ಕಿವಿ ಕೇಳದ ಮಕ್ಕಳಿಗೂ ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡ ಹಿರಿಯರಿಗೂ ಚಿಕಿತ್ಸೆ ಕೊಡುವ ವಿದ್ಯೆ ಅಲ್ಲಿಯದು. ಅದನ್ನು ಕಲಿತವರಿಗೆ ಇಲ್ಲಿಯ ಆಸ್ಪತ್ರೆಗಳಿಂದ ಹಿಡಿದು ಆಸ್ಟ್ರೇಲಿಯಾದವರೆಗೆ ಕೆಲಸವಿದೆ. ಅದೇ ಮೈಸೂರಿನಲ್ಲಿ 1950ರಿಂದ ಇರುವ ಸಿ.ಎಫ್.ಟಿ.ಆರ್.ಐ. ಆಹಾರ ತಂತ್ರಜ್ಞಾನಕ್ಕೆ ಹೆಸರಾದದ್ದು. ತಿನ್ನುವ ಅನ್ನದ ಬಹುಪಾಲನ್ನು ಹಡಗಿನಲ್ಲಿ ತರಿಸಿಕೊಳ್ಳುವ ಈ ಕೊಲ್ಲಿಯ ದೇಶಗಳಲ್ಲಿ ಆಹಾರ ಪರೀಕ್ಷಿಸುವವರ ಅಗತ್ಯ ಎಷ್ಟೆಂದು ಬೇರೆ ಹೇಳಬೇಕೆ? ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರದು, ದೇಶದಲ್ಲಿಯೇ ಆ ಬಗೆಯ ಮೊದಲನೆಯದು. ಕೃಷಿ ವಿಶ್ವವಿದ್ಯಾಲಯಗಳ ಬಿ.ಎಸ್‌ಸಿ. ಇದೆ, ಕೃಷಿಕರ ಮಕ್ಕಳಿಗೆ ಅಲ್ಲಿ ಪ್ರತ್ಯೇಕ ಕೋಟಾ ಕೂಡ ಇದೆ. ಸಂಖ್ಯಾಶಾಸ್ತ್ರವಂತೂ ವಿಮೆ, ಬ್ಯಾಂಕು, ಔಷಧಿ ಕಂಪನಿ ಎಲ್ಲದಕ್ಕೂ ಬೇಕಾದ ವಿದ್ಯೆ. ಇಲ್ಲಿ ಸೊಹಾರ್, ಬರ್ಕಾಗಳಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರಗಳಿಗೆ ರಸಾಯನಶಾಸ್ತ್ರ ಬಲ್ಲವರು ಬೇಕು. ಫಲಜ್ ಕಾಲುವೆಯ ನೀರಿನ ಪಾಲು ಹಂಚುವ ಈ ನೆಲದಲ್ಲಿ ನೀರಿನ ವಿದ್ಯೆಗೆ ಎಂದೂ ಬೆಲೆ ಇಳಿಯದು ಎಂಬುದು ನಮ್ಮ ಅಭಿಪ್ರಾಯ.

ಬರಿಯ ಬಿ.ಎಸ್‌ಸಿ. ಮಾಡಿದರೆ? ನೇರವಾಗಿ ಹೇಳಬೇಕೆಂದರೆ, ಮೂರು ವರ್ಷದ ಬಿ.ಎಸ್‌ಸಿ.ಯನ್ನೇ ಕೊನೆಯೆಂದು ನಂಬಿ ಸೇರುವವರಿಗೆ ಕೆಲಸದ ಬಾಗಿಲುಗಳು ಕಡಿಮೆ. ಅದು ಮುಂದಿನ ಓದಿನ ಮೆಟ್ಟಿಲು. ಕರ್ನಾಟಕದಲ್ಲಿ 2021ರಲ್ಲಿ ಆರಂಭವಾದ ನಾಲ್ಕು ವರ್ಷದ ಪದವಿಯ ಪದ್ಧತಿಯನ್ನು 2024ರಲ್ಲಿ ಸರ್ಕಾರ ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ವಿದೇಶದಲ್ಲಿ ಎಂ.ಎಸ್. ಮಾಡುವ ಯೋಚನೆ ಇರುವವರು ಇದನ್ನು ನೆನಪಿಡಬೇಕು. ಅಲ್ಲಿಯ ಕೆಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಯನ್ನೇ ಕೇಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ನಾಲ್ಕು ವರ್ಷದ ಪದವಿ ಇದೆ. ಪುಣೆ, ಕೋಲ್ಕತ್ತಗಳಲ್ಲಿ 2006ರಲ್ಲಿ ಆರಂಭವಾದ ಐಸರ್ ಸಂಸ್ಥೆಗಳು ಈಗ ಬೇರೆ ಊರುಗಳಲ್ಲಿಯೂ ಇವೆ. ವಿಜ್ಞಾನವನ್ನೇ ಪ್ರೀತಿಸುವ ಮಗುವಿಗೆ ಇವು ಇಂಜಿನಿಯರಿಂಗಿಗಿಂತ ಕಡಿಮೆಯವಲ್ಲ.

ವೈದ್ಯಕೀಯದ ಮಾತಿಗೆ ಬಂದರೆ ಸ್ವಲ್ಪ ಕಟುವಾಗಿ ಹೇಳಬೇಕಾಗುತ್ತದೆ, ಕ್ಷಮೆಯಿರಲಿ. 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಮಕ್ಕಳು ನೀಟ್ ಪರೀಕ್ಷೆ ಬರೆದರು. ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷಕ್ಕೆ ತುಸು ಮೇಲೆ. ಖಾಸಗಿ ಕಾಲೇಜುಗಳಲ್ಲಿ ನಮ್ಮಂಥವರಿಗೆಂದು ಶೇಕಡಾ 15ರ ಮಿತಿಯೊಳಗೆ ಎನ್.ಆರ್.ಐ. ಕೋಟಾ ಇದೆ. 2005ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ಮಿತಿ ಅದು. ಅಲ್ಲಿಗೂ ನೀಟ್ ಅರ್ಹತೆ ಬೇಕೇ ಬೇಕು, ಶುಲ್ಕವೋ ವರ್ಷ ವರ್ಷವೂ ಲಕ್ಷಗಟ್ಟಲೆ. ಹದಿನೈದು ಇಪ್ಪತ್ತು ವರ್ಷ ದುಡಿದ ಗ್ರಾಚುಯಿಟಿಯನ್ನೆಲ್ಲ ಅದಕ್ಕೆ ಸುರಿದು, ಕಿರಿಯ ಮಗಳ ಓದಿಗೆ ಏನೂ ಉಳಿಯದ ಮನೆಗಳನ್ನು ನಾವು ನೋಡಿದ್ದೇವೆ. ದೊಡ್ಡವನನ್ನು ಡಾಕ್ಟರ್ ಮಾಡುವ ಸಂಕಲ್ಪದಲ್ಲಿ ಚಿಕ್ಕವಳ ಪಾಲು ಹೋಯಿತು. ಶುಲ್ಕದ ಕಾಗದ ಕೈಗೆ ಬಂದಾಗ ಒಂದು ವರ್ಷದ ಮೊತ್ತವನ್ನು ಮಾತ್ರ ನೋಡದೆ ಪೂರ್ತಿ ಕೋರ್ಸಿನ ಮೊತ್ತವನ್ನು ಬರೆದು, ಪಕ್ಕದಲ್ಲಿ ಇನ್ನೊಂದು ಮಗುವಿನ ಹೆಸರನ್ನೂ ಬರೆದು ನೋಡಿ.

ಅಗ್ಗವೆಂದು ಹೊರದೇಶಗಳಿಗೆ ಕಳುಹಿಸುವವರೂ ಇದ್ದಾರೆ. 2022ರಲ್ಲಿ ಯುಕ್ರೇನಿನ ಯುದ್ಧ ಆರಂಭವಾದಾಗ ಅಲ್ಲಿ ನಮ್ಮ ದೇಶದ ಸಾವಿರಾರು ವಿದ್ಯಾರ್ಥಿಗಳಿದ್ದರು, ಬಹುಪಾಲು ವೈದ್ಯಕೀಯದವರು. ಹಾವೇರಿ ಜಿಲ್ಲೆಯ ಒಬ್ಬ ಹುಡುಗ ಖಾರ್ಕಿವ್ ನಗರದಲ್ಲಿ ಪ್ರಾಣ ಕಳೆದುಕೊಂಡ. ಯುದ್ಧವನ್ನು ಯಾರೂ ಮೊದಲೇ ಕಾಣಲಾರರು. ಆದರೆ ನಿಯಮಗಳನ್ನು ಮೊದಲೇ ಓದಬಹುದು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನಿಯಮದ ಪ್ರಕಾರ ವಿದೇಶದ ಕೋರ್ಸು ಕನಿಷ್ಠ 54 ತಿಂಗಳಿನದಾಗಿರಬೇಕು, ಅಲ್ಲಿಯೇ ಒಂದು ವರ್ಷದ ಇಂಟರ್ನ್‌ಶಿಪ್ ಆಗಿರಬೇಕು, ಪಾಠ ಇಂಗ್ಲಿಷಿನಲ್ಲಿರಬೇಕು. ಮರಳಿ ಬಂದ ಮೇಲೆ ಪರೀಕ್ಷೆ ಬೇರೆ. ಏಜೆಂಟರ ಬಣ್ಣದ ಪುಸ್ತಿಕೆಯಲ್ಲಿ ಈ ಸಾಲುಗಳು ಇರುವುದಿಲ್ಲ.

ಡಾಕ್ಟರಾಗದಿದ್ದರೆ ಆಸ್ಪತ್ರೆಯೇ ಇಲ್ಲವೆಂದು ಭಾವಿಸಬೇಕಿಲ್ಲ. ನರ್ಸಿಂಗ್, ಪ್ರಯೋಗಾಲಯ ತಂತ್ರಜ್ಞಾನ, ರೇಡಿಯಾಲಜಿ, ಫಿಸಿಯೋಥೆರಪಿ, ಕಣ್ಣಿನ ಪರೀಕ್ಷೆಯ ಆಪ್ಟೋಮೆಟ್ರಿ, ಇವೆಲ್ಲ ಪರವಾನಗಿ ಇರುವ ವೃತ್ತಿಗಳು. ಪರವಾನಗಿ ಇರುವ ವೃತ್ತಿಗೆ ಒಂದು ಗುಣವಿದೆ: ಪರವಾನಗಿ ಇಲ್ಲದವರು ಆ ಕುರ್ಚಿಯಲ್ಲಿ ಕೂರುವಂತಿಲ್ಲ. ಅದಕ್ಕೇ ಕಾಲೇಜಿನ ಮಾನ್ಯತೆ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಕೊಲ್ಲಿಯಲ್ಲಿ ಪ್ರಮಾಣಪತ್ರವನ್ನು ಮೂಲ ಕಾಲೇಜಿನಿಂದಲೇ ಪರಿಶೀಲಿಸುತ್ತಾರೆ, ಆಮೇಲೆ ಪರೀಕ್ಷೆ ಇಡುತ್ತಾರೆ. ಮಾನ್ಯತೆ ಇಲ್ಲದ ಕಾಲೇಜಿನ ಚಿನ್ನದ ಪದಕಕ್ಕೂ ಅಲ್ಲಿ ಬೆಲೆಯಿಲ್ಲ.

ಮತ್ತೊಂದು ಮಾತು. ಮಗು ಓದಿ ಮರಳಿ ಇಲ್ಲಿಗೇ ಬಂದು ನಮ್ಮ ಕಂಪನಿಯಲ್ಲೇ ಸೇರಲಿ ಎಂಬ ಆಸೆ ಸಹಜ. ಆದರೆ 2018ರ ಜನವರಿಯಲ್ಲಿ ಒಮಾನ್ ಸರ್ಕಾರ 87 ವೃತ್ತಿಗಳಿಗೆ ಹೊಸ ವೀಸಾ ನಿಲ್ಲಿಸಿದ್ದು ತಮಗೆ ನೆನಪಿರಬಹುದು. ಕಂಪ್ಯೂಟರಿನವರೂ ಇಂಜಿನಿಯರರೂ ಆ ಪಟ್ಟಿಯಲ್ಲಿದ್ದರು. ಇದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ. ಈ ದೇಶದ ಮಕ್ಕಳೂ ಓದುತ್ತಿದ್ದಾರೆ. 1986ರಲ್ಲಿ ಮಸ್ಕತ್ತಿನಲ್ಲಿ ಸುಲ್ತಾನ್ ಖಾಬೂಸ್ ವಿಶ್ವವಿದ್ಯಾಲಯ ಬಂತು, 2010ರಲ್ಲಿ ನಮ್ಮ ಬುರೈಮಿಯಲ್ಲಿಯೇ ವಿಶ್ವವಿದ್ಯಾಲಯ ಬಂತು. ತಮ್ಮ ನೆಲದಲ್ಲಿ ತಮ್ಮ ಮಕ್ಕಳಿಗೆ ಕೆಲಸ ಬೇಕೆಂದು ಅವರು ಕೇಳಿದರೆ ನ್ಯಾಯವೇ. ನಾವು ಆರಿಸುವ ಪದವಿ ಇಲ್ಲಿಯೂ ಸಲ್ಲಬೇಕು, ಊರಿನಲ್ಲಿಯೂ ಸಲ್ಲಬೇಕು, ಮೂರನೆಯ ದೇಶದಲ್ಲಿಯೂ ಸಲ್ಲುವಂತಿರಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಆಯ್ಕೆ ಹನ್ನೆರಡರ ನಂತರ ಎಂದು ಎಲ್ಲರೂ ತಿಳಿದಿದ್ದಾರೆ. ನಿಜವಾಗಿ ಅರ್ಧ ಆಯ್ಕೆ ಹತ್ತನೆಯ ತರಗತಿಯ ಬೇಸಿಗೆಯಲ್ಲಿಯೇ ಮುಗಿದಿರುತ್ತದೆ, ಅದೂ ಎರಡು ಬಗೆಯಲ್ಲಿ.

ಒಂದು, ವಿಷಯಗಳು. ಡಾಕ್ಟರಾಗುವವನಿಗೆ ಗಣಿತ ಏಕೆಂದು ಹನ್ನೊಂದರಲ್ಲಿ ಗಣಿತ ಬಿಡಿಸುತ್ತೇವೆ. ನೀಟ್ ಕೈಕೊಟ್ಟಾಗ ಇಂಜಿನಿಯರಿಂಗ್, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಭಾರತೀಯ ವಿಜ್ಞಾನ ಸಂಸ್ಥೆ ಎಲ್ಲದರ ಬಾಗಿಲೂ ಒಟ್ಟಿಗೆ ಮುಚ್ಚಿರುತ್ತದೆ. ಜೀವಶಾಸ್ತ್ರ ಬಿಟ್ಟವರ ಪಾಡು ಅಷ್ಟು ಕಠಿಣವಲ್ಲ. ಅದನ್ನು ನಂತರ ಹೆಚ್ಚುವರಿ ವಿಷಯವಾಗಿ ಬರೆದು ಪಾಸಾದವರಿಗೂ ನೀಟ್ ಅರ್ಹತೆ ಕೊಡಲು 2023ರಲ್ಲಿ ಆಯೋಗ ಒಪ್ಪಿತು. ಮಗುವಿಗೆ ಹೊರುವ ಶಕ್ತಿ ಇದ್ದರೆ ನಾಲ್ಕೂ ಇರಲಿ. ಇಲ್ಲವಾದರೆ ಗಣಿತವನ್ನು ಬಿಡಿಸುವ ಮುನ್ನ ಎರಡು ಸಲ ಯೋಚಿಸಿ.

ಎರಡನೆಯದು ಊರು. ಹತ್ತು ಮುಗಿದೊಡನೆ ಮಗುವನ್ನು ಮಂಗಳೂರು, ಮೂಡುಬಿದಿರೆಗಳ ಪಿ.ಯು. ಕಾಲೇಜಿನ ಹಾಸ್ಟೆಲಿಗೆ ಸೇರಿಸುವುದು ನಮ್ಮಲ್ಲಿ ಪದ್ಧತಿಯೇ ಆಗಿದೆ. ಇದರಿಂದ ಏನು ಸಿಗುತ್ತದೆ, ಏನು ಹೋಗುತ್ತದೆ ಎಂದು ಕೂಡಿ ಕಳೆದು ನೋಡಿದವರು ಕಡಿಮೆ. ಸುರತ್ಕಲ್‌ನ ಎನ್.ಐ.ಟಿ.ಯನ್ನು ತಾವೆಲ್ಲ ಬಲ್ಲಿರಿ. 1960ರಲ್ಲಿ ಕೆ.ಆರ್.ಇ.ಸಿ. ಎಂದು ಆರಂಭವಾಗಿ 2002ರಲ್ಲಿ ಎನ್.ಐ.ಟಿ. ಆಯಿತು. ಅಂಥ ಸಂಸ್ಥೆಗಳಲ್ಲಿ ಹೊರದೇಶದ ಮಕ್ಕಳಿಗೆ 'ದಾಸಾ' ಎಂಬ ಯೋಜನೆಯ ಸೀಟುಗಳಿವೆ. ಅದರೊಳಗೆ ಕೊಲ್ಲಿಯಲ್ಲಿ ದುಡಿಯುವ ಭಾರತೀಯರ ಮಕ್ಕಳಿಗೆಂದೇ ಒಂದು ಪಾಲು ಇದೆ, ಅದರಲ್ಲಿ ಬೋಧನಾ ಶುಲ್ಕ ಊರಿನ ಮಕ್ಕಳು ಕೊಡುವಷ್ಟೇ. 2021ರಿಂದ ಇದಕ್ಕೆ ಜೆ.ಇ.ಇ. ಮೈನ್ ಅಂಕವೇ ಆಧಾರ. ಆದರೆ ಹನ್ನೊಂದು, ಹನ್ನೆರಡನ್ನು ಹೊರದೇಶದಲ್ಲಿಯೇ ಓದಿರಬೇಕೆಂಬ ಷರತ್ತು ಇದೆ. ಹಾಸ್ಟೆಲಿಗೆ ಕಳುಹಿಸಿದ ದಿನವೇ ಈ ಬಾಗಿಲು ಮುಚ್ಚಿತು. ಬುರೈಮಿಯಲ್ಲಿಯೇ ಓದಿದ ಹುಡುಗನಿಗೆ ಅದು ತೆರೆದೇ ಇದೆ.

ಹಾಗಾದರೆ ಊರಿಗೆ ಕಳುಹಿಸುವುದು ತಪ್ಪೇ? ತಪ್ಪಲ್ಲ, ಅಲ್ಲಿ ಇನ್ನೊಂದು ಬಾಗಿಲಿದೆ. ಕರ್ನಾಟಕದ ಸಿ.ಇ.ಟಿ.ಯಲ್ಲಿ ಸರ್ಕಾರಿ ಕೋಟಾದ ಸೀಟು ಸಿಗಬೇಕಾದರೆ ಸಾಮಾನ್ಯವಾಗಿ ಮಗು ಏಳು ವರ್ಷ ರಾಜ್ಯದಲ್ಲಿ ಓದಿರಬೇಕು. ನಮ್ಮ ಮಕ್ಕಳಿಗೆ ಅದು ಎಲ್ಲಿಂದ ಬರಬೇಕು? ಆದರೆ ನಿಯಮದಲ್ಲಿ ಇನ್ನೊಂದು ಕಲಮು ಇದೆ. ಮಗು ಪಿ.ಯು.ಸಿ.ಯ ಎರಡೂ ವರ್ಷ ಕರ್ನಾಟಕದಲ್ಲಿ ಓದಿ ಪಾಸಾಗಿ, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದರೆ ಸಾಕು. ತಾಯಂದಿರೇ, ತಾವು ಎಂದೋ ಓದಿದ ಹಳ್ಳಿಯ ಕನ್ನಡ ಶಾಲೆಯ ದಾಖಲೆ ಇಂದು ತಮ್ಮ ಮಗಳಿಗೆ ಇಂಜಿನಿಯರಿಂಗ್ ಸೀಟಿನ ಅರ್ಹತೆ ಕೊಡಬಲ್ಲದು! ಮದುವೆಯಾದ ಮೇಲೆ ಆ ಕಾಗದ ಎಲ್ಲಿ ಹೋಯಿತೋ ಎಂದು ಎಷ್ಟೋ ಮಂದಿ ಹೇಳುತ್ತಾರೆ. ಹುಡುಕಿಸಿ. ಆ ಶಾಲೆಯ ಮುಖ್ಯೋಪಾಧ್ಯಾಯರಿಗೆ ಈ ಸಲದ ರಜೆಯಲ್ಲಿಯೇ ಅರ್ಜಿ ಕೊಡಿ. ಮಕ್ಕಳಿಲ್ಲವೆಂದು ಸಣ್ಣ ಶಾಲೆಗಳು ಮುಚ್ಚುತ್ತಿರುವ ಕಾಲ ಇದು. ಕದ ಹಾಕಿದ ಶಾಲೆಯ ದಾಖಲೆ ಪುಸ್ತಕವನ್ನು ಆಮೇಲೆ ಶಿಕ್ಷಣ ಇಲಾಖೆಯ ಕಚೇರಿಗಳಲ್ಲಿ ಹುಡುಕುತ್ತಾ ಅಲೆಯುವುದು ಸುಲಭದ ಮಾತಲ್ಲ. ಗಡಿನಾಡ ಮತ್ತು ಹೊರನಾಡ ಕನ್ನಡಿಗರಿಗೂ ಬೇರೆ ಕಲಮುಗಳಿವೆ, ಅದಕ್ಕೆ ಕನ್ನಡ ಪರೀಕ್ಷೆಯೂ ಇದೆ. ಕಾಸರಗೋಡಿನ ಕಡೆಯ ಮಿತ್ರರು ಅದನ್ನು ಓದಿಕೊಳ್ಳಬೇಕು. ಸಂಘದ ಶುಕ್ರವಾರದ ಕನ್ನಡ ತರಗತಿಗೆ ಮಕ್ಕಳನ್ನು ಕಳುಹಿಸಲು ಹಿಂದೆಮುಂದೆ ನೋಡುವವರಿಗೆ ಇದನ್ನು ಮೆಲ್ಲಗೆ ತಿಳಿಸಿ.

ಹೀಗೆ ಎರಡು ಬಾಗಿಲು, ಎರಡರ ಮೂಲಕವೂ ಒಟ್ಟಿಗೆ ನುಗ್ಗಲಾಗದು. ಯಾವುದೆಂದು ಹತ್ತರಲ್ಲಿಯೇ ತೀರ್ಮಾನಿಸಬೇಕು. ಜೆ.ಇ.ಇ. ಬರೆಯುವ ತಾಳ್ಮೆ ಇರುವ, ತಂದೆತಾಯಿಯ ಜೊತೆ ಇನ್ನೆರಡು ವರ್ಷ ಇರಬಯಸುವ ಮಗು ಇಲ್ಲಿಯೇ ಇರಲಿ. ಜೆ.ಇ.ಇ., ನೀಟ್ ಎರಡಕ್ಕೂ ಮಸ್ಕತ್ತಿನಲ್ಲಿ ಕೇಂದ್ರ ಕೊಟ್ಟ ವರ್ಷಗಳಿವೆ, ಅರ್ಜಿ ಹಾಕುವಾಗ ಪಟ್ಟಿ ನೋಡಬೇಕು. ಕೃಷಿ, ಮೀನುಗಾರಿಕೆಗಳ ಕಡೆ ಅಥವಾ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳ ಕಡೆ ಮನಸ್ಸಿರುವವರಿಗೆ, ಊರಿನಲ್ಲಿ ಅಜ್ಜಿಯ ಮನೆಯ ಆಸರೆ ಇರುವವರಿಗೆ ಪಿ.ಯು.ಸಿ. ಅನುಕೂಲ. ಹದಿನಾರರ ಹುಡುಗ ಹಾಸ್ಟೆಲಿನಲ್ಲಿ ಒಂಟಿಯಾಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಲ್ಲಿಯ ಶಾಲೆಯಲ್ಲಿ ಮೊದಲಿಗನಾಗಿದ್ದವನು ಅಲ್ಲಿಯ ನೂರಿನ್ನೂರು ಮಂದಿಯ ನಡುವೆ ಕುಗ್ಗಿಹೋದದ್ದನ್ನು ಕಂಡಿದ್ದೇವೆ, ಕೆಲವರು ಅಲ್ಲಿಯೇ ಅರಳಿದ್ದನ್ನೂ ಕಂಡಿದ್ದೇವೆ. ಅದನ್ನು ಮಗುವನ್ನು ಬಲ್ಲ ತಾಯಿಯೇ ಹೇಳಬೇಕು, ನಾವಲ್ಲ.

ನಿಯಮಗಳು ವರ್ಷ ವರ್ಷಕ್ಕೂ ತಿದ್ದುಪಡಿಯಾಗುತ್ತವೆ. ಆದ್ದರಿಂದ ನಮ್ಮ ಮಾತನ್ನಾಗಲಿ, ವಾಟ್ಸಾಪಿನಲ್ಲಿ ಬಂದ ಮಾತನ್ನಾಗಲಿ ನಂಬಿ ಹಣ ಕಟ್ಟಬೇಡಿ. ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಮಗುವಿನ ಜೊತೆ ಕುಳಿತು ಓದಿ.

ಮುಂದಿನ ಶುಕ್ರವಾರ ಸಂಜೆ ಸಂಘದ ಕೋಣೆಯಲ್ಲಿ ನಾವು ಕುಳಿತಿರುತ್ತೇವೆ. ಒಂಬತ್ತು, ಹತ್ತನೆಯ ತರಗತಿಯವರು ಮೊದಲು ಬನ್ನಿ, ಹನ್ನೆರಡರವರು ಆಮೇಲೆ. ಮಕ್ಕಳನ್ನು ಬಿಟ್ಟು ತಂದೆಯೊಬ್ಬರೇ ಬಂದರೆ ಚಹಾ ಕೊಟ್ಟು ಕಳುಹಿಸುತ್ತೇವೆ, ಸಲಹೆ ಕೊಡುವುದಿಲ್ಲ. ಬರುವಾಗ ಮಗುವಿನ ಅಂಕಪಟ್ಟಿಯ ಜೊತೆಗೆ ತಂದೆತಾಯಿಗಳ ಶಾಲೆಯ ದಾಖಲೆ ಏನಿದೆಯೋ ಅದನ್ನೂ ತನ್ನಿ. ಯಕ್ಷಗಾನದವರ ಬಣ್ಣ ಒಣಗುತ್ತಿದೆ ಎಂದು ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ.